ಕಾರಿನ ಒಳಗಾಜಿಗೆ ಯಾವುದು ವಾಸಿ: ಪೇಪರ್, ಪಂಚೆ, ಮೈಕ್ರೋಫೈಬರ್?

ತುಮಕೂರಿನಿಂದ ಬೆಂಗಳೂರಿಗೆ ದಿನಾ ಕಾರಲ್ಲಿ ಹೋಗಿಬರುವವರಿಗೆ ಒಂದು ಶಾಪ ಅಂಟಿಕೊಂಡಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ. ಸಂಜೆ ವಾಪಸ್ ಬರುವಾಗಲೂ ಎದುರಿಗೇ. ಬೆಂಗಳೂರು ನಮಗೆ ಆಗ್ನೇಯಕ್ಕಿದೆಯಲ್ಲ, ಅದಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಪೂರ್ವದಿಂದ ತೆಂಕಣಕ್ಕೆ ಸರಿದು ಹುಟ್ಟುತ್ತಾನೆ. ಆಗಂತೂ ದಾಬಸ್‌ಪೇಟೆ ದಾಟುವ ಹೊತ್ತಿಗೆ ಬಿಸಿಲು ಸರಿಯಾಗಿ ಕಣ್ಣಿಗೇ ಹೊಡೆಯುತ್ತದೆ. ಮೇ, ಜೂನ್‌ನಲ್ಲಿ ಸಂಜೆಯ ಪಾಡು ಅದೇ. ಕೋಲಾರದವರು ಪುಣ್ಯವಂತರು. ಅವರಿಗೆ ಎರಡು ಹೊತ್ತೂ ಸೂರ್ಯ ಬೆನ್ನ ಹಿಂದೆ.

ಈ ಎದುರು ಬಿಸಿಲಲ್ಲೇ ಗಾಜಿನ ಬಂಡವಾಳ ಬಯಲಾಗುವುದು. ಮನೆ ಮುಂದೆ ನೆರಳಲ್ಲಿ ನಿಂತಾಗ ಫಳಫಳ ಅಂದ ಗಾಜು, ಹೆದ್ದಾರಿ 48ಕ್ಕೆ ಬಂದು ಬಿಸಿಲಿಗೆ ತಿರುಗಿದ ಕೂಡಲೇ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಅದರ ಮೇಲೆ ಬಟ್ಟೆ ಆಡಿಸಿದ ಕಮಾನು ಕಮಾನು ಗೆರೆಗಳು ಬೇರೆ. ಮುಂದಿನ ಲಾರಿಯ ಬ್ರೇಕ್ ಲೈಟ್ ಉರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ನೀರು ಬಿಟ್ಟು ವೈಪರ್ ಹಾಕಿದರೂ ಹೋಗಲಿಲ್ಲ ಅಂದರೆ ಕೊಳೆ ಹೊರಗಿಲ್ಲ, ಒಳಗಿದೆ ಅಂತ ಅರ್ಥ.

ಒಳಗಾಜು ಒರೆಸಲು ನಾನು ಬೇಕಾದಷ್ಟು ಪ್ರಯೋಗ ಮಾಡಿದ್ದೇನೆ. ಕೆಲವು ಕೆಲಸ ಮಾಡಿದವು, ಕೆಲವು ಇದ್ದದ್ದನ್ನೂ ಕೆಡಿಸಿದವು. ಯಾವುದು ಯಾರಿಗೆ ಆದೀತು ಅಂತ ಹೋಲಿಸಿ ಬರೆದಿದ್ದೇನೆ.

ಮಬ್ಬು ಬೇರೆ, ಗೆರೆ ಬೇರೆ

ಮೊದಲು ಇದೊಂದು ಗೊತ್ತಾದರೆ ಅರ್ಧ ಗೊಂದಲ ಮುಗಿಯುತ್ತದೆ.

ಮಬ್ಬು ಅನ್ನುವುದು ಜಿಡ್ಡು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾದಾಗ ಪ್ಲಾಸ್ಟಿಕ್‌ನಿಂದ ಸಣ್ಣದಾಗಿ ಆವಿ ಹೊರಡುತ್ತದೆ. ಹೊಸ ಕಾರಿನ ವಾಸನೆ ಅಂತ ನಾವು ಖುಷಿಪಡುತ್ತೇವಲ್ಲ, ಅದರಲ್ಲಿ ಇದೂ ಸೇರಿದೆ. ಆ ಆವಿ ಹೋಗಿ ಗಾಜಿನ ಒಳಮೈಗೆ ಕೂರುತ್ತದೆ. ಅದಕ್ಕೇ ಹೊಸ ಕಾರಿನಲ್ಲಿ ಮಬ್ಬು ಬೇಗ ಕಟ್ಟುತ್ತದೆ. ಅದರ ಮೇಲೆ ನಮ್ಮ ಉಸಿರು, ಬೆವರು, ದಿನಾ ಬೆಳಿಗ್ಗೆ ಹಚ್ಚುವ ಊದುಬತ್ತಿಯ ಹೊಗೆ. ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಬಂದ ಮಕ್ಕಳ ಬೆರಳು ಹಿಂದಿನ ಕಿಟಕಿಯ ಮೇಲೆ.

ಗೆರೆ ಮಾತ್ರ ನಮ್ಮದೇ ಕೈಕೆಲಸ. ದ್ರವ ಆರಿದ ಮೇಲೆ ಗಾಜಿನ ಮೇಲೆ ಉಳಿದುಕೊಂಡದ್ದೇ ಗೆರೆ. ನೀರಿನ ಉಪ್ಪು ಇರಬಹುದು, ಸೋಪು ಇರಬಹುದು, ಕರಗಿ ಮತ್ತೆ ಅಲ್ಲೇ ಕೂತ ಜಿಡ್ಡೂ ಇರಬಹುದು.

ಹಾಗಾಗಿ ಕೆಲಸ ಎರಡು. ಜಿಡ್ಡನ್ನು ಕರಗಿಸಬೇಕು. ಕರಗಿದ್ದು ಆರುವ ಮೊದಲೇ ಗಾಜಿನಿಂದ ಎತ್ತಬೇಕು. ಕರಗಿಸುವುದು ದ್ರವದ ಕೆಲಸ, ಎತ್ತುವುದು ಬಟ್ಟೆಯ ಕೆಲಸ. ನಾವು ಸಾಮಾನ್ಯವಾಗಿ ಬಾಟಲಿಗೆ ದುಡ್ಡು ಹಾಕುತ್ತೇವೆ, ಬಟ್ಟೆ ಮಾತ್ರ ಕೈಗೆ ಸಿಕ್ಕಿದ್ದು. ತಪ್ಪಾಗುವುದು ಅಲ್ಲೇ. ಹಾಗಾಗಿ ಬಟ್ಟೆಯಿಂದಲೇ ಶುರು ಮಾಡುತ್ತೇನೆ.

ಬಟ್ಟೆಗಳ ಪಂದ್ಯ

ಹಳೆ ನ್ಯೂಸ್ ಪೇಪರ್. ನಮ್ಮಪ್ಪನ ಕಾಲದ ವಿದ್ಯೆ ಇದು. ಮನೆ ಕಿಟಕಿಗೆ, ಬೀರುವಿನ ಕನ್ನಡಿಗೆ ನನ್ನ ಓಟು ಈಗಲೂ ಇದಕ್ಕೇ. ಪೇಪರ್ ನೀರು ಚೆನ್ನಾಗಿ ಕುಡಿಯುತ್ತದೆ, ನೂಲು ಬಿಡುವುದಿಲ್ಲ, ಸ್ವಲ್ಪ ಒರಟಾಗಿರುವುದರಿಂದ ಉಜ್ಜಿದಾಗ ಹೊಳಪು ಬರುತ್ತದೆ. ಕಾರಿನ ಒಳಗೆ ಮಾತ್ರ ಕಷ್ಟ. ಮುಂದಿನ ಗಾಜು ಮಲಗಿಕೊಂಡಿರುತ್ತದೆ, ಕೆಳಗಿನ ಮೂಲೆಗೆ ಕೈ ಹೋಗುವುದೇ ಇಲ್ಲ. ಅಷ್ಟರಲ್ಲಿ ಪೇಪರ್ ನೆಂದು ಮುದ್ದೆ. ಜೊತೆಗೆ ಮಸಿ. ನನ್ನ ಕಾರಿನ ತಿಳಿ ಬಣ್ಣದ ಚಾವಣಿ ಬಟ್ಟೆಗೆ ಮೂರು ಬೆರಳಿನ ಕಪ್ಪು ಗುರುತು ಬಿದ್ದಿತ್ತು. ಕಾರು ಮಾರುವ ದಿನವೂ ಅದು ಅಲ್ಲೇ ಇತ್ತು.

ಟಿಶ್ಯೂ ಪೇಪರ್. ಬೇಡ. ಗಾಜಿನ ತುಂಬ ಬಿಳಿ ಪುಡಿ.

ಸಿಗ್ನಲ್‌ನಲ್ಲಿ ಮಾರುವ ಹಳದಿ ಬಟ್ಟೆ. ಬಾನೆಟ್ ಮೇಲಿನ ಧೂಳು ಹೊಡೆಯಲು ಸಾಕು. ಗಾಜಿಗೆ ತಂದರೆ ನೂಲು ಬಿಡುತ್ತದೆ, ಒದ್ದೆಯಾದರೆ ಬಣ್ಣವನ್ನೂ ಬಿಡುತ್ತದೆ. ಟರ್ಕಿ ಟವೆಲ್ ಕೂಡ ಇದೇ ಗುಂಪು.

ಶ್ಯಾಮಿ, ಅಂದರೆ ಸ್ಪಂಜಿನಂಥ ಮೆತ್ತನೆ ಹಾಳೆ. ಹೊರಗೆ ತೊಳೆದ ಮೇಲೆ ನೀರು ಎಳೆಯಲು ಇದನ್ನು ಮೀರಿಸಿದ್ದಿಲ್ಲ. ಒಳಗಾಜಿನಲ್ಲಿ ಇರುವುದು ನೀರಲ್ಲ, ಜಿಡ್ಡು. ಶ್ಯಾಮಿ ಅದಕ್ಕೆ ಅಂಟಿಕೊಂಡು ಎಳೆಯುತ್ತದೆ, ಎಳೆದ ದಾರಿಯಲ್ಲೇ ಪಟ್ಟೆ ಬಿಡುತ್ತದೆ.

ಹಳೆ ಪಂಚೆ ಅಥವಾ ಬನೀನು. ಇದನ್ನು ತಮಾಷೆ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಒಗೆದು ತೆಳುವಾದ ಹತ್ತಿ ಪಂಚೆ ನೂಲು ಬಿಡುವುದನ್ನು ಎಂದೋ ನಿಲ್ಲಿಸಿರುತ್ತದೆ. ನೀರನ್ನೂ ಚೆನ್ನಾಗಿ ಹೀರುತ್ತದೆ. ಕೊನೆಯಲ್ಲಿ ಒಣಗಿಸಿ ಹೊಳಪು ಕೊಡಲು ನಾನು ಬಹಳ ದಿನ ಪಂಚೆ ತುಂಡನ್ನೇ ಬಳಸಿದೆ. ಆದರೆ ಜಿಡ್ಡನ್ನು ಎತ್ತುವ ವಿಷಯದಲ್ಲಿ ಅದು ಸೋಲುತ್ತದೆ. ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತದೆ, ಅಷ್ಟೇ. ಹೊಸ ಪಂಚೆ ಮಾತ್ರ ಬೇಡವೇ ಬೇಡ. ಅದರ ಗಂಜಿ ಪೂರ್ತಿ ಗಾಜಿಗೆ ಬರುತ್ತದೆ.

ಮೈಕ್ರೋಫೈಬರ್. ಗೆದ್ದದ್ದು ಇದೇ, ಆದರೆ ಒಂದು ಷರತ್ತಿನ ಮೇಲೆ. ಇದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿಸಿ ಮಾಡಿದ ಎಳೆ. ಒಂದೊಂದು ಎಳೆಯೂ ಸೀಳಿರುತ್ತದೆ, ಆ ಸೀಳಿನಲ್ಲಿ ಜಿಡ್ಡು ಸಿಕ್ಕಿಕೊಳ್ಳುತ್ತದೆ. ಸಾಗಿಸುವುದಿಲ್ಲ, ನಿಜವಾಗಿ ಎತ್ತುತ್ತದೆ. ಆದರೆ ಎಲ್ಲಾ ಮೈಕ್ರೋಫೈಬರ್ ಗಾಜಿಗಲ್ಲ. ಮೆತ್ತಗೆ, ದಪ್ಪಗೆ, ಕರಡಿ ಕೂದಲಿನ ಹಾಗಿರುವುದು ಕಾರಿನ ಹೊರಮೈಗೆ. ಪ್ಯಾಕೆಟ್ ಮೇಲೆ ಜಿಎಸ್ಎಂ ಅಂತ ಅಂಕಿ ಇರುತ್ತದೆ, ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಅಂತ. 400 ದಾಟಿದ್ದು ಗಾಜಿಗೆ ಬೇಡ. 300ರ ಒಳಗಿನದು, ಕೂದಲಿಲ್ಲದ ನುಣುಪಾದದ್ದು, ಇಲ್ಲವೇ ಜೇನುಗೂಡಿನ ಹಾಗೆ ಚೌಕ ಚೌಕ ನೇಯ್ಗೆ ಇರುವುದು ಸರಿ. ಒರೆಸಲು ಒಂದು, ಒಣಗಿಸಲು ಒಂದು. ಕಡೇಪಕ್ಷ ಎರಡು ಬೇಕು.

ಷರತ್ತು ಏನಂದರೆ ಒಗೆಯುವುದು. ಮನೆಯ ವಾಷಿಂಗ್ ಮೆಷಿನ್‌ಗೆ ಟವೆಲ್‌ಗಳ ಜೊತೆ ಹಾಕಿದರೆ ಹತ್ತಿಯ ನೂಲೆಲ್ಲ ಇದಕ್ಕೇ ಬಂದು ಕಚ್ಚಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಪರಿಮಳದ ದ್ರವ ಇನ್ನೂ ಕೆಟ್ಟದ್ದು. ಅದು ಎಳೆಗೆ ಪದರ ಕಟ್ಟುತ್ತದೆ. ಆಮೇಲೆ ಆ ಬಟ್ಟೆ ಒರೆಸುವುದಿಲ್ಲ, ಬಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಗಿ, ನಾನು ಮೂರು ವಾರ ಸುಮ್ನೆ ಸ್ಪ್ರೇ ಬಾಟಲಿಯನ್ನು ಬೈದುಕೊಂಡು ಓಡಾಡಿದೆ. ಈಗ ಬೇರೆ ಬಕೆಟ್, ಸ್ವಲ್ಪ ಸೋಪಿನ ಪುಡಿ, ಚೆನ್ನಾಗಿ ಜಾಲಿಸಿ ನೆರಳಲ್ಲಿ ಒಣಗಿಸುತ್ತೇನೆ.

ದ್ರವಕ್ಕೂ ಮೊದಲು ನೀರು

ತುಮಕೂರಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರು ನಲ್ಲಿಯಲ್ಲಿ ಬಂದರೆ ಒಂದು ಕತೆ, ಮನೆಯ ಬೋರ್‌ವೆಲ್ ನೀರಾದರೆ ಇನ್ನೊಂದು ಕತೆ. ಬಚ್ಚಲ ಬಕೆಟ್ ನೋಡಿ. ಒಳಗೆ ಬೆಳ್ಳಗೆ ಪದರ ಕಟ್ಟಿದೆಯಾ? ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿದೆಯಾ? ಅದೇ ಬಿಳಿ ನಿಮ್ಮ ಗಾಜಿನ ಮೇಲೂ ಕೂರುವುದು. ಎಂಥ ಬಟ್ಟೆ ತಂದರೂ, ಎಷ್ಟು ದುಡ್ಡಿನ ದ್ರವ ಬೆರೆಸಿದರೂ ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ.

ಪರೀಕ್ಷೆ ಸುಲಭ. ಹೊಳಪಿರುವ ಸ್ಟೀಲ್ ತಟ್ಟೆ ಮೇಲೆ ಬೋರ್ ನೀರು, ನಲ್ಲಿ ನೀರು, ಫಿಲ್ಟರ್ ನೀರು ಒಂದೊಂದು ಚಮಚ ಬೇರೆ ಬೇರೆ ಹಾಕಿ. ಬಿಸಿಲಲ್ಲಿಟ್ಟು ಆರಲು ಬಿಡಿ. ಯಾವುದು ಉಂಗುರ ಬಿಡುತ್ತದೋ ಅದು ಗಾಜಿಗೆ ಬೇಡ. ನಮ್ಮ ಮನೆಯ ಬೋರ್ ನೀರು ಬಿಟ್ಟ ಉಂಗುರವನ್ನು ಉಗುರಿನಲ್ಲಿ ಕೆರೆಯಬೇಕಾಯಿತು.

ಆರ್‌ಒ ನೀರು ಆಗುತ್ತದೆ. ಮಳೆಗಾಲದಲ್ಲಿ ನೇರವಾಗಿ ಪಾತ್ರೆಗೆ ಹಿಡಿದ ಮಳೆ ನೀರು ಇನ್ನೂ ಒಳ್ಳೆಯದು, ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡರೆ ಸಾಕು. ಎಲ್ಲಕ್ಕಿಂತ ವಾಸಿ ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ, ಒಂದು ಕ್ಯಾನ್ ತಿಂಗಳುಗಟ್ಟಲೆ ಬರುತ್ತದೆ. ಕೇಳುವಾಗ ಡಿಸ್ಟಿಲ್ಡ್ ವಾಟರ್ ಅಂತಲೇ ಬಾಯಿಬಿಟ್ಟು ಕೇಳಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕ್ಯಾನ್ ಕೂಡ ಇರುತ್ತದೆ, ಹುಷಾರು.

ವಾರಕ್ಕೊಮ್ಮೆ ಒರೆಸುವ ಅಭ್ಯಾಸವಿದ್ದರೆ, ಒಳ್ಳೆ ಮೈಕ್ರೋಫೈಬರ್ ಮತ್ತು ಈ ನೀರು ಸಾಕು. ಬೇರೇನೂ ಬೇಡ. ತಿಂಗಳುಗಟ್ಟಲೆ ಮುಟ್ಟದ ಗಾಜಿಗೆ ಮಾತ್ರ ಬರೀ ನೀರು ಆಗುವುದಿಲ್ಲ. ನೀರಿಗೆ ಜಿಡ್ಡು ಕರಗುವುದಿಲ್ಲ ಅನ್ನುವುದು ಪಾತ್ರೆ ತೊಳೆಯುವವರಿಗೆಲ್ಲ ಗೊತ್ತಲ್ವಾ.

ಜಿಡ್ಡು ಕರಗಿಸಲು ಏನು?

ನನ್ನ ಮೊದಲ ಆಯ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್. ಮೆಡಿಕಲ್ ಶಾಪ್‌ನಲ್ಲಿ, ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಐಪಿಎ ಅಂದರೆ ಕೊಡುತ್ತಾರೆ. ಅರ್ಧ ಇದು, ಅರ್ಧ ಡಿಸ್ಟಿಲ್ಡ್ ವಾಟರ್. ಜಿಡ್ಡನ್ನು ಬಿಡಿಸುತ್ತದೆ, ಬೇಗ ಆರುತ್ತದೆ, ಆರಿದ ಮೇಲೆ ತನ್ನದು ಅಂತ ಏನನ್ನೂ ಬಿಟ್ಟುಹೋಗುವುದಿಲ್ಲ. ಗೆರೆ ಬೇಡ ಅನ್ನುವವರಿಗೆ ಬೇಕಾದ್ದು ಆ ಕೊನೆಯ ಗುಣವೇ. ಆದರೆ ಇದು ಬೆಂಕಿಗೆ ಹೊತ್ತಿಕೊಳ್ಳುವ ವಸ್ತು. ಊದುಬತ್ತಿ ಆರಿಸಿ, ನಾಲ್ಕೂ ಬಾಗಿಲು ತೆಗೆದು ಕೆಲಸ ಮಾಡಿ. ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ. ಡ್ಯಾಶ್‌ಬೋರ್ಡ್ ಮೇಲೆ, ಮೀಟರ್ ಮೇಲಿನ ಪ್ಲಾಸ್ಟಿಕ್ ಮೇಲೆ, ಟಚ್ ಸ್ಕ್ರೀನ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಮನೆಯಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ, ಅದೂ ಆಲ್ಕೋಹಾಲೇ ತಾನೇ ಅಂತ ನಾನು ಒಮ್ಮೆ ಜಾಣತನ ಮಾಡಿದೆ. ಕೈ ಒಡೆಯದಿರಲಿ ಅಂತ ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ. ಆಲ್ಕೋಹಾಲ್ ಹಾರಿತು, ಗ್ಲಿಸರಿನ್ ಗಾಜಿನ ಮೇಲೆ ಉಳಿಯಿತು. ಮಾರನೆಯ ದಿನ ನೆಲಮಂಗಲದವರೆಗೂ ಕಣ್ಣು ಕಿರಿದು ಮಾಡಿಕೊಂಡೇ ಓಡಿಸಿದೆ.

ಎರಡನೆಯದು ಅಂಗಡಿಯ ನೀಲಿ ದ್ರವ. ಯಾವ ಕಂಪನಿಯದಾದರೂ ನಮ್ಮಲ್ಲಿ ಅದರ ಹೆಸರು ಕಾಲಿನ್ ಅಂತಲೇ. ಕೆಟ್ಟದ್ದೇನಲ್ಲ, ಎಲ್ಲಾ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಗೆರೆ ಬರುವುದು ಜಾಸ್ತಿ ಹೊಡೆಯುವುದರಿಂದ. ನಾಲ್ಕು ಸಲ ಹೊಡೆಯುವ ಕಡೆ ಎರಡು ಸಲ ಸಾಕು. ಯಾವ ಬಾಟಲಿ ಕೊಂಡರೂ ಲೇಬಲ್‌ನಲ್ಲಿ ಅಮೋನಿಯಾ ಇದೆಯಾ ನೋಡಿ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಅದನ್ನು ದಿನೇ ದಿನೇ ಹಾಳು ಮಾಡುತ್ತದೆ. ಬಣ್ಣ ನೇರಳೆಗೆ ತಿರುಗುತ್ತದೆ, ಗುಳ್ಳೆ ಏಳುತ್ತದೆ. ಕಂಪನಿಯಿಂದಲೇ ಬಂದ ಹಸಿರು ಛಾಯೆಯ ಗಾಜಿಗೆ ಈ ಭಯವಿಲ್ಲ, ಅಲ್ಲಿ ಬಣ್ಣ ಗಾಜಿನಲ್ಲೇ ಸೇರಿರುತ್ತದೆ. ಫಿಲ್ಮ್ ಮಾತು ಬಂತು ಅಂತ ಹೇಳುತ್ತೇನೆ: ಮುಂದಿನ, ಹಿಂದಿನ ಗಾಜಿನಲ್ಲಿ ನೂರಕ್ಕೆ 70, ಪಕ್ಕದ ಗಾಜಿನಲ್ಲಿ 50 ಭಾಗ ಬೆಳಕು ಹಾಯಬೇಕು ಅಂತ ಮೋಟಾರು ವಾಹನ ನಿಯಮವೇ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್‌ಗೆ ತಡೆ ಹಾಕಿದ್ದೂ ಇದೇ ವಿಷಯಕ್ಕೆ.

ವಿನೆಗರ್‌ಗೆ ನೆಟ್‌ನಲ್ಲಿ ಸಿಗುವಷ್ಟು ಹೊಗಳಿಕೆ ನನ್ನಿಂದ ಸಿಗುವುದಿಲ್ಲ. ಅದು ಹುಳಿ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಜಿಡ್ಡಿನ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಬೋರ್ ನೀರಲ್ಲಿ ತೊಳೆದು ತೊಳೆದು ಹೊರಗಾಜಿಗೆ ಬಿಳಿ ಚುಕ್ಕೆ ಬಂದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ. ಒಳಗೆ ಬಳಸಿದರೆ ಇಡೀ ದಿನ ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತ ಹಾಗಿರುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡು ತೆಗೆಯುವುದರಲ್ಲಿ ಗಟ್ಟಿಗ. ಸಿಗರೇಟ್ ಸೇದುವವರ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರೆ ಗಾಜಿನ ಮೇಲೆ ಹಳದಿ ಪದರವೇ ಇರುತ್ತದೆ. ಅಂಥದ್ದಕ್ಕೆ ಅರ್ಧ ಲೀಟರ್ ನೀರಿಗೆ ಒಂದೇ ಹನಿ. ಎರಡು ಹಾಕಿದರೆ ಸೋಪು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಕೊನೆಗೆ ಐಪಿಎ ಕೈ ಆಡಿಸಬೇಕು.

ಶೇವಿಂಗ್ ಫೋಮ್ ಹಚ್ಚಿದರೆ ಒಳಗೆ ಮಂಜು ಕಟ್ಟುವುದಿಲ್ಲ ಅಂತ ಹೇಳುತ್ತಾರೆ. ಸುಳ್ಳಲ್ಲ, ಆದರೆ ಅದು ಕೆಲಸ ಮಾಡುವುದೇ ಗಾಜಿನ ಮೇಲೆ ಸೋಪಿನ ಪದರ ಬಿಟ್ಟು. ಆ ಪದರವೇ ಎದುರು ಬಿಸಿಲಲ್ಲಿ ಮಬ್ಬಾಗುತ್ತದೆ. ಚಳಿಗಾಲದ ಬೆಳಿಗ್ಗೆ ದೇವರಾಯನದುರ್ಗದ ಕಡೆ ಹೊರಟಾಗ ಗಾಜು ಒಳಗೆ ಮಸುಕಾದರೆ ಏಸಿ ಹಾಕಿ, ಹೊರಗಾಳಿ ಬರುವ ಹಾಗೆ ಬಟನ್ ತಿರುಗಿಸಿ, ಗಾಳಿಯನ್ನು ಗಾಜಿಗೆ ಬಿಡಿ. ಜಿಡ್ಡಿಲ್ಲದ ಗಾಜಿಗೆ ಮಂಜು ಕಟ್ಟುವುದೂ ಕಡಿಮೆ.

ಒರೆಸುವ ಕ್ರಮ

ನೆರಳಲ್ಲಿ ಮಾಡಿ, ಬೆಳಿಗ್ಗೆಯಾದರೆ ಒಳ್ಳೆಯದು. ಬಿಸಿ ಗಾಜಿನ ಮೇಲೆ ದ್ರವ ಎತ್ತುವ ಮೊದಲೇ ಆರಿಬಿಡುತ್ತದೆ. ಮೊದಲು ಡ್ಯಾಶ್‌ಬೋರ್ಡ್, ಸೀಟು, ಮ್ಯಾಟ್ ಎಲ್ಲಾ ಮುಗಿಸಿ. ಗಾಜು ಕೊನೆಗೆ, ಇಲ್ಲದಿದ್ದರೆ ಎದ್ದ ಧೂಳು ಮತ್ತೆ ಅಲ್ಲೇ ಕೂರುತ್ತದೆ.

ದ್ರವವನ್ನು ಗಾಜಿಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ. ಈಗಿನ ಕಾರುಗಳಲ್ಲಿ ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಇರುತ್ತವೆ, ಅವುಗಳ ಮೇಲೆ ನೀರು ಇಳಿಯುವುದು ಬೇಡ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಎಂಟು ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದ ಕೂಡಲೇ ತಿರುವಿ. ಗುಂಡಗೆ ಉಜ್ಜಬೇಡಿ. ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ ಒರೆಸಿ. ಆಮೇಲೆ ಗೆರೆ ಕಂಡರೆ ಅದು ಅಡ್ಡ ಇದೆಯೋ ಉದ್ದ ಇದೆಯೋ ನೋಡಿದರೆ ಸಾಕು, ಒಳಗಿನದೋ ಹೊರಗಿನದೋ ಗೊತ್ತಾಗುತ್ತದೆ. ಸಣ್ಣ ಉಪಾಯ, ಆದರೆ ನನ್ನ ಅರ್ಧ ಸಮಯ ಉಳಿಸಿದ್ದು ಇದೇ.

ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಹೋಗಬೇಕು. ಇಡೀ ಗಾಜು ಒದ್ದೆ ಮಾಡಿ ಆಮೇಲೆ ಒಣಗಿಸುವುದಲ್ಲ, ಒಂದು ಮೊಳ ಒದ್ದೆ, ಅಷ್ಟನ್ನೇ ಒಣ. ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ, ಮೇಲಿನ ಅಂಚನ್ನು ಒರೆಸಿಕೊಳ್ಳಿ. ರಬ್ಬರ್ ಒಳಗೆ ಅಡಗಿದ ಆ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ.

ಮುಂದಿನ ಗಾಜಿನ ಕೆಳ ಮೂಲೆಗೆ ಡ್ರೈವರ್ ಸೀಟಿನಿಂದ ಹೋಗಬೇಡಿ, ಸ್ಟೇರಿಂಗ್ ಅಡ್ಡ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತು, ಅಂಗೈ ಮೇಲಕ್ಕೆ ಮಾಡಿ, ಬಟ್ಟೆಯನ್ನು ಬೆರಳುಗಳ ಹಿಂಬದಿಗೆ ಸಿಕ್ಕಿಸಿ ತಳ್ಳಿ. ಕೈ ಇನ್ನೂ ಒಂದು ಗೇಣು ಮುಂದಕ್ಕೆ ಹೋಗುತ್ತದೆ. ತ್ರಿಕೋನ ತಲೆಯ, ಉದ್ದ ಹಿಡಿಕೆಯ ಬ್ರಷ್ ಕೂಡ ಮಾರುತ್ತಾರೆ. ಸೊಂಟ ನೋವಿದ್ದವರಿಗೆ ಅದು ಒಳ್ಳೆಯದೇ. ಅದರ ಜೊತೆ ಬರುವ ಬಟ್ಟೆ ಕಳಪೆ ಇದ್ದರೆ ನಿಮ್ಮ ಬಟ್ಟೆಯನ್ನೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಳ್ಳಿ.

ಹಿಂದಿನ ಗಾಜಿನಲ್ಲಿ ಕಂದು ಗೆರೆಗಳಿದ್ದರೆ ಅದು ಡಿಫಾಗರ್ ತಂತಿ, ಅಂದರೆ ಗಾಜು ಬಿಸಿ ಮಾಡಿ ಮಂಜು ಬಿಡಿಸುವ ತಂತಿ. ಗೆರೆ ಹೋದ ದಿಕ್ಕಿನಲ್ಲೇ ಮೆಲ್ಲಗೆ ಒರೆಸಿ. ಸ್ಟಿಕ್ಕರ್ ತೆಗೆಯಲು ಅಲ್ಲಿ ಬ್ಲೇಡ್ ಹಾಕಿದರೆ ತಂತಿ ಕಿತ್ತುಬರುತ್ತದೆ. ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ, ಆಮೇಲೆ ಐಪಿಎ ಹಾಕಿ ಎಣ್ಣೆ ತೆಗೆಯಿರಿ.

ಹಾಗಾದರೆ ಯಾವುದು ಕೊಳ್ಳುವುದು?

ದಿನಾ ಹೆದ್ದಾರಿಗೆ ಹೋಗುವವರು ತೆಳು ಮೈಕ್ರೋಫೈಬರ್ ಎರಡು, ಡಿಸ್ಟಿಲ್ಡ್ ವಾಟರ್, ಸಣ್ಣ ಬಾಟಲಿ ಐಪಿಎ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಐಪಿಎ, ನಡುವೆ ಬರೀ ನೀರು. ಭಾನುವಾರ ಸಿದ್ಧಗಂಗೆಗೋ ಗೊರವನಹಳ್ಳಿಗೋ ಹೋಗಿಬರುವಷ್ಟೇ ಕಾರು ತೆಗೆಯುವವರು ಏನೂ ಕೊಳ್ಳಬೇಕಿಲ್ಲ. ಹಳೆ ಪಂಚೆ, ಆರ್‌ಒ ನೀರು, ಮನೆಯಲ್ಲಿ ಇರುವ ನೀಲಿ ದ್ರವ ಸಾಕು. ಫಿಲ್ಮ್ ಇರುವ ಗಾಜಿಗೆ ನೀರು ಮತ್ತು ನುಣುಪಾದ ಮೈಕ್ರೋಫೈಬರ್ ಬಿಟ್ಟು ಬೇರೇನೂ ಬೇಡ, ಪೇಪರ್ ಅಂತೂ ಗೀರು ಬಿಡುತ್ತದೆ. ಆಯುಧ ಪೂಜೆಯ ಮಾರನೆಯ ದಿನ ಗಾಜಿನ ಮೇಲಿನ ಅರಿಶಿನ ಕುಂಕುಮವನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಹರಡುತ್ತದೆ. ಮೊದಲು ನೀರಲ್ಲಿ ನೆನೆಸಿ, ಅದಕ್ಕೇ ಅಂತ ಹಳೆ ಬಟ್ಟೆ ಇಟ್ಟು, ಒರೆಸಿ ಎಸೆದುಬಿಡಿ.

ಇದೆಲ್ಲ ಯಾರಿಗೆ ಬೇಕು, ವಾಟರ್ ಸರ್ವಿಸ್‌ಗೆ ಬಿಡುತ್ತೇನೆ ಅನ್ನುವವರೂ ಇದ್ದಾರೆ. ಬಿಡಿ, ತಪ್ಪಿಲ್ಲ. ನಾನೂ ಬಿಟ್ಟಿದ್ದೆ. ಅಲ್ಲಿನ ಹುಡುಗ ಬಾಗಿಲು ಒರೆಸಿದ ಬಟ್ಟೆಯಲ್ಲೇ ಗಾಜನ್ನೂ ಒರೆಸಿದ. ಆಮೇಲೆ ಪ್ರೀತಿಯಿಂದ ಡ್ಯಾಶ್‌ಬೋರ್ಡ್‌ಗೆ ಎಣ್ಣೆ ಸುರಿದ ಹಾಗೆ ಪಾಲಿಶ್ ಹೊಡೆದ. ಎರಡು ದಿನದ ಬಿಸಿಲಿಗೆ ಆ ಪಾಲಿಶ್ ಗಾಜಿನ ಮೇಲಿತ್ತು. ಈಗಲೂ ಅಲ್ಲಿಗೇ ಹೋಗುತ್ತೇನೆ, ಕೀ ಕೊಡುವಾಗ ಎರಡು ಮಾತು ಹೇಳುತ್ತೇನೆ: ಡ್ಯಾಶ್‌ಬೋರ್ಡ್‌ಗೆ ಪಾಲಿಶ್ ಬೇಡಪ್ಪ, ಒಳಗಾಜು ಮುಟ್ಟಬೇಡ.